ಡೈರಿ ಕ್ಯಾನು ಹೊತ್ತು ಸಿನಿಮಾಕ್ಕೆ ಹೋದವನು

ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನ ಆದಿನಾರಾಯಣನಿಗೆ ಎರಡು ಹಸು, ಹೆಂಡತಿ ಕಲ್ಪನ, ಬಾಯಿ ತುಂಬ ಬಡಾಯಿ. ತನ್ನ ಪಾಡಿಗೆ ಡೈರಿಗೆ ಹಾಲು ಹಾಕಿಕೊಂಡು ಇರಬಾರದಿತ್ತೇ? ಸಿನಿಮಾದವರು ಕೋರಮಂಡಲ್‌ನ ಹಳೆಯ ಚಿನ್ನದ ಗಣಿಯ ಮಣ್ಣಿನ ದಿಬ್ಬದ ಮೇಲೆ ಕ್ಯಾಮೆರಾ ಇಟ್ಟಿದ್ದಾರೆಂದು ಕೇಳಿದ್ದೇ ತಡ, ಓಡಿದ. ನೋಡಲು ಹೋದವನು ಪಾತ್ರ ಗಿಟ್ಟಿಸಿಕೊಂಡು ಬಂದ.

ಗಾಂಜಾ ಸಾಗಿಸುವವರ ಕತೆ ಅದು. ಇವನದು ಒಂದೇ ದೃಶ್ಯ. ಹಾಲಿನ ಕ್ಯಾನಿನಲ್ಲಿ ಪೊಟ್ಟಣ ಮುಳುಗಿಸಿಕೊಂಡು ಬರುವಾಗ ಪೊಲೀಸರು ತಡೆಯುತ್ತಾರೆ. ಇವನು ಅವರಿಗೇ ಒಂದೊಂದು ಲೋಟ ಹಾಲು ಕುಡಿಸಿ, ನಕ್ಕು, ಮುಂದೆ ಹೋಗಬೇಕು. ಕ್ಯಾನು ಹಳೆಯದಿರಲಿ ಎಂದರು ಸಿನಿಮಾದವರು. ಪುಣ್ಯಾತ್ಮ ಯಾರಿಗೂ ಹೇಳದೆ ಡೈರಿಯ ಕ್ಯಾನನ್ನೇ ಎತ್ತಿಕೊಂಡು ಹೋದ. ಅದರ ಮೇಲೆ ಕೆಂಪು ಬಣ್ಣದಲ್ಲಿ ಊರಿನ ಹೆಸರು. ಅಳಿಸಬೇಕೆಂದು ಇವನಿಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಬಂಗಾರಪೇಟೆಯಲ್ಲಿ ಸಿನಿಮಾ ಮೂರು ದಿನ ಓಡಿ ಮಲಗಿತು. ಊರಿನ ಒಬ್ಬನೂ ನೋಡಲಿಲ್ಲ. ಆಕ್ಟ್ ಮಾಡಿದ್ದೇನೆ ಎಂದರೆ ನಕ್ಕರು. ಆಮೇಲೆ ಯಾರೋ ತಲೆಹರಟೆ ಆ ದೃಶ್ಯವನ್ನಷ್ಟೇ ಕತ್ತರಿಸಿ ವಾಟ್ಸಾಪಿಗೆ ಬಿಟ್ಟ. ಸಿನಿಮಾದ ಹೆಸರಿಲ್ಲ, ಸಂಗೀತವಿಲ್ಲ. ಊರಿನ ಕ್ಯಾನು ಇದೆ, ಆದಿನಾರಾಯಣ ಇದ್ದಾನೆ. ಮರುದಿನ ಬೆಳಿಗ್ಗೆ ಡೈರಿ ಕಾರ್ಯದರ್ಶಿ ಶ್ರೀಧರ್, ಕಲ್ಪನ ತಂದ ಹಾಲನ್ನು ಅಳೆಯದೆ ವಾಪಸು ಕಳಿಸಿದ. ಸಿನಿಮಾ ಕಣಣ್ಣ ಎಂದು ಇವನು ಬಾಯಿ ಬಡಿದುಕೊಂಡರೆ, ಯಾವ ಸಿನಿಮಾ ಎಂದು ಊರಿನವರು ಕೇಳಿದರು.

ಹಾಲು ಹಾಕದೆ ಆ ಮನೆಯ ಒಲೆ ಉರಿಯುವುದಿಲ್ಲ. ಹನ್ನೆರಡು ದಿನ ಅಲೆದು, ಸಿನಿಮಾದವರ ಕೈಕಾಲು ಹಿಡಿದು, ಪೂರ್ತಿ ಸಿನಿಮಾವನ್ನು ಫೋನಿಗೆ ಹಾಕಿಸಿಕೊಂಡು ಬಂದ. ಸಂಜೆ ಹಾಲಿಗೆ ಬಂದವರೆಲ್ಲ ಡೈರಿ ಜಗಲಿಯಲ್ಲಿ ಮುತ್ತಿಕೊಂಡು ಕೂತು ನೋಡಿದರು. ಕೊನೆಯವರೆಗೂ ನೋಡಿದರು, ಅಷ್ಟು ಒಪ್ಪಬೇಕು.

"ನೋಡ್ದ್ಯಾ ಶ್ರೀಧರಣ್ಣ? ಸಿನಿಮಾನೇ ಅಲ್ವಾ? ಇವತ್ತಿಂದ ಆಲು ಆಕ್ಲಾ?"

ಶ್ರೀಧರ್ ಫೋನನ್ನು ಅವನ ಕೈಗಿಟ್ಟ. ಅವನಿಗೆ ಕೋಪವೇನೂ ಇರಲಿಲ್ಲ.

"ಸಿನಿಮಾನೇ, ಒಪ್ಕಂಡೆ. ಆ ಈರೋ, ಆ ಇನ್‌ಸ್ಪೆಕ್ಟ್ರು, ಎಲ್ಲಾ ನಾಟ್ಕ ಆಡ್ತಾವ್ರೆ ಅಂತ ಗೊತ್ತಾಯ್ತದೆ. ನಿಂದೊಂದೇ ಅಂಗಿಲ್ಲ. ಮಾಡಿ ಗೊತ್ತಿಲ್ದೋನಿಗೆ ಅಂಗೆ ಮಾಡಾಕ್ ಬತ್ತದೇನ್ಲಾ?"

ಜಗಲಿಯಲ್ಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಆದಿನಾರಾಯಣ ಫೋನನ್ನು ಜೇಬಿಗಿಟ್ಟುಕೊಂಡ. ಹಾಲು ಹಾಕುವ ಆಸೆಯಿಂದ ಜೊತೆಗೆ ಬಂದಿದ್ದ ಕಲ್ಪನ ತುಂಬಿದ ಪಾತ್ರೆ ಎತ್ತಿಕೊಂಡಳು, ಇಬ್ಬರೂ ಮನೆಯ ದಾರಿ ಹಿಡಿದರು. ಮನೆ ಹತ್ತಿರವಾಗುತ್ತಿದ್ದಂತೆ ಅವಳು ನಿಂತು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದಳು:

"ನನ್ ತಾವ ಆದ್ರೂ ನಿಜ ಯೋಳು. ಎಷ್ಟ್ ಸಾರಿ ಸಾಗ್ಸಿದ್ದೀಯ?"