ಜಮೀನ್ದಾರರ ಮಗಳಿಗೆ ನನ್ನ ದನಿ

ನೂರು ವರ್ಷದ ಹಿಂದಿನ ಕಥೆಯ ಒಂದು ತೆಲುಗು ಧಾರಾವಾಹಿ ಕನ್ನಡಕ್ಕೆ ಡಬ್ ಆಗುತ್ತಿತ್ತು. ಅದರ ನಾಯಕಿ ಜಮೀನ್ದಾರರ ಮಗಳು; ಕನ್ನಡದಲ್ಲಿ ಅವಳ ದನಿ ನಾನು. ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನಿಂದ ಮೆಟ್ರೋ ಹಿಡಿದು ಸ್ಟುಡಿಯೋಗೆ ಹೋಗಿ, ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ತುಟಿ ನೋಡುತ್ತ ಮಾತಾಡಿ ಬರುತ್ತಿದ್ದೆ. ಮನೆಯಲ್ಲಿ ಕಲಬುರಗಿಯ ಮಾತು, ಬೀದಿಯಲ್ಲಿ ತೆಲುಗು, ಮೈಕಿನ ಮುಂದೆ ಮಾತ್ರ ಪುಸ್ತಕದ ಕನ್ನಡ.

ಹುಡುಗಿಯೋ ಮಹಾ ಜಗಳಗಂಟಿ. 'ವರನಿಗೆ ಎಷ್ಟು ಎಕರೆ ಅಂತ ಕೇಳಿದಿರಿ, ಅವನು ನನಗೆ ಇಷ್ಟವೇ ಅಂತ ಯಾಕೆ ಕೇಳಲಿಲ್ಲ?' ಎಂದು ಅಪ್ಪನನ್ನೇ ದಬಾಯಿಸುವಳು. ಊರವರು ಏನೆಂದಾರು ಎಂದರೆ, ಹಾಗಾದರೆ ಊರವರೇ ಸಂಸಾರ ಮಾಡಲಿ ಎನ್ನುವಳು. ನನಗೆ ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದ್ದನ್ನೆಲ್ಲ ಅವಳ ಹೆಸರಿನಲ್ಲಿ ಹೇಳಿ ಹಗುರಾಗುತ್ತಿದ್ದೆ.

ಅವ್ವ ಒಂದು ಕಂತನ್ನೂ ಬಿಟ್ಟವಳಲ್ಲ. ಸಂಜೆ ಏಳಕ್ಕೆ ಎದುರು ಫ್ಲಾಟಿನವರನ್ನೂ ಕರೆದು ಕೂರಿಸಿ, 'ಇದು ನಮ್ಮಾಕಿ ದನಿ' ಎಂದು ಬೀಗುವಳು. ನಾಯಕಿಯ ಮಾತೆಲ್ಲ ಅವಳಿಗೆ ಬಾಯಿಪಾಠ. 'ಹೆಣ್ಣ ಅಂದ್ರ ಹಿಂಗಿರಬೇಕ ನೋಡ' ಎನ್ನುತ್ತಿದ್ದಳು. ನಾನು ಅದನ್ನು ನಂಬಿದೆ. ನನ್ನ ತಪ್ಪು ಅಷ್ಟೇ.

ಕಲಬುರಗಿಯಿಂದ ಒಂದು ಸಂಬಂಧ ಬಂದಾಗ ಬೇಡ ಎಂದೆ. ಹುಡುಗ ಕೆಟ್ಟವನೇನಲ್ಲ. ಫೋನಿನಲ್ಲಿ ಎರಡು ಸಲ ಮಾತಾಡಿದ್ದ, ಎರಡೂ ಸಲ ನನ್ನ ಕೆಲಸವನ್ನು ಹವ್ಯಾಸ ಎಂದ. ನನಗೆ ಅಷ್ಟು ಸಾಕಾಗಿತ್ತು. ಅವ್ವ ನನ್ನ ತಲೆ ಮುಟ್ಟಿ, 'ಬರೇ ನೋಡಿ ಹೋಗ್ತಾರ. ನಿನ್ನ ಮನಸಿಗೆ ಬರಲಾರದ್ದು ಏನೂ ಮಾಡಂಗಿಲ್ಲ' ಎಂದಳು. ಸರಿ, ಬರಲಿ ಎಂದೆ.

ಭಾನುವಾರ ಬಂದರು. ಉಪ್ಪಿಟ್ಟು ತಿನ್ನುತ್ತ ಹುಡುಗನ ತಾಯಿ ಅವ್ವನಿಗೆ, 'ಮದುವಿ ಆದಮ್ಯಾಲೆ ಈ ಕೆಲಸ ಬಿಡ್ತಾಳ ಅಂತ ನೀವ ಹೇಳಿದ್ದು ಭಾಳ ಚಲೋ ಆತ್ರಿ' ಎಂದರು. ಅವ್ವ ನನ್ನ ಕಡೆ ನೋಡಲಿಲ್ಲ. ನನ್ನ ಬೆನ್ನ ಹಿಂದೆ ಎಲ್ಲ ಮುಗಿದೇ ಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು.

ಆ ತಾಯಿ ನನ್ನತ್ತ ತಿರುಗಿದರು. 'ಟಿವಿಯಾಗಿನ ಆ ಹುಡುಗಿ ಮಾತು ಒಂದಿಷ್ಟು ಹೇಳವಾ, ಕೇಳೂಣು.'

ಎದ್ದು ನಿಂತೆ. ಮೈಕಿನ ಮುಂದಿನ ಅದೇ ಕನ್ನಡದಲ್ಲಿ, ಆದರೆ ನನ್ನದೇ ಮಾತು ಹೇಳಿದೆ. 'ನನ್ನನ್ನು ಕೇಳದೆ ನನ್ನ ಬದುಕಿನ ತೀರ್ಮಾನ ಮಾಡಿದ್ದೀರಿ. ಈ ಮದುವೆ ನನಗೆ ಬೇಡ. ನನ್ನ ಕೆಲಸವನ್ನು ನಾನು ಬಿಡುವುದಿಲ್ಲ. ದಯವಿಟ್ಟು ಎದ್ದು ಹೋಗಿ.'

ಹುಡುಗನ ಕೈಯ ಚಮಚ ಹಾಗೇ ನಿಂತಿತು. ತಿಳಿಯಿತು ಇವನಿಗೆ ಎಂದುಕೊಂಡೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ ಜೋರಾಗಿ ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ ತಟ್ಟಿದರು, ಹುಡುಗನೂ. 'ಏನ್ ಆ್ಯಕ್ಟಿಂಗ್ ರೀ! ಕಣ್ಣಾಗ ನೀರೂ ಬಂದಾವ ನೋಡ್ರಿ' ಎಂದು ಅವನ ತಾಯಿ ಮೆಚ್ಚಿಕೊಂಡರು.

ಅವರು ಹೋದ ಮೇಲೆ ಅವ್ವ ತಟ್ಟೆ ಎತ್ತುತ್ತಿದ್ದಳು. 'ಅವ್ವಾ, ಆ ಮಾತು ಸೀರಿಯಲ್‌ನಾಗ ಎಲ್ಲೂ ಇಲ್ಲ' ಎಂದೆ.

'ನನಗ ಗೊತ್ತಿಲ್ಲೇನು?' ಎಂದಳು, ತಲೆ ಎತ್ತದೆ. 'ಅದಕ್ಕ ನಾನ ಮೊದಲ ಚಪ್ಪಾಳಿ ಹೊಡದಿದ್ದು.'