ಹೆದ್ದಾರಿಯ ಬುಡಕಿನ ದಾರಿ

ಡ್ರಾಯಿಂಗ್ ಸರ್ ನಮ್ಮ ಮನೆಗೆ ಬಂದಾಗ ನಾನು ಮಲಗಿದ್ದೆ. ಆ ಬೇಸಿಗೆಯಲ್ಲಿ ಹೊತ್ತು ಗೊತ್ತಿಲ್ಲದೆ ಮಲಗುತ್ತಿದ್ದೆ. ಅಪ್ಪ ತೀರಿಕೊಂಡ ಕೆಲವೇ ವಾರಗಳಿಗೆ ಹತ್ತನೇ ತರಗತಿಯ ಪರೀಕ್ಷೆ ಬಂದಿತ್ತು. ಬರೆದೆ, ಆಮೇಲೆ ಪಾಸೂ ಆದೆ. ಊರವರು ಗಟ್ಟಿ ಹುಡುಗಿ ಎಂದರು. ಗಟ್ಟಿಯಾಗಿದ್ದೆನೋ ಇಲ್ಲವೋ ನನಗೆ ತಿಳಿಯದು. ಉಂಡರೆ ರುಚಿ ಗೊತ್ತಾಗುತ್ತಿರಲಿಲ್ಲ. ಯಾರಾದರೂ ಮಾತಾಡಿದರೆ ಮೊದಲು ಅವರ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಆಮೇಲೆ ಕೇಳಿಸುತ್ತಿತ್ತು.

ಸರ್ ಬಾಗಿಲಲ್ಲೇ ನಿಂತು ಅವ್ವನಿಗೆ ಹೇಳಿದರು: "ಸಾಲ್ಯಾಗ ಬ್ಯಾಸಿಗಿ ಶಿಬಿರ ಮಾಡಾಕತ್ತೇವ್ರಿ. ಹುಡುಗ್ರು ತಮ್ಮ ಊರಾಗ ಏನರ ಒಂದು ಸುಧಾರಿಸಬೇಕು. ತಾವ ವಿಚಾರ ಮಾಡಿ, ತಾವ ನಕ್ಷೆ ತಗದು, ತಾವ ಕಟ್ಟಬೇಕು. ಹುಡುಗಿ ಕೈ ಚಲೋ ಐತಿ, ಕಳಸ್ರಿ."

"ಕರಕೊಂಡು ಹೋಗ್ರಿ ಸರ್," ಎಂದಳು ಅವ್ವ. "ಮನ್ಯಾಗ ಇದ್ದರ ಬರೇ ಗ್ವಾಡಿ ನೋಡತಾಳ."

ನಮ್ಮ ಊರು ಹೆದ್ದಾರಿಯ ಎರಡೂ ಬದಿಗೆ ಹರಡಿದೆ. ಹಾವೇರಿಯಿಂದ ಮೋಟೆಬೆನ್ನೂರು ದಾಟಿ ರಾಣೆಬೆನ್ನೂರಿಗೆ ಹೋಗುವಾಗ ಸಿಗುವ ಊರುಗಳಲ್ಲಿ ಒಂದು. ಹಳೇ ಊರು, ಶಾಲೆ, ಪಂಚಾಯ್ತಿ ಒಂದು ಕಡೆ. ನಾವಿದ್ದ ಹೊಸ ಮನೆಗಳ ಪ್ಲಾಟು ಇನ್ನೊಂದು ಕಡೆ. ರಸ್ತೆ ದೊಡ್ಡದು ಮಾಡಿದಾಗ ಊರವರು ದಾಟಲಿಕ್ಕೆಂದು ಅದರ ಬುಡಕ್ಕೆ ಒಂದು ಸುರಂಗದಂಥ ದಾರಿ ಬಿಟ್ಟಿದ್ದರು. ಅದನ್ನು ಎಲ್ಲರೂ ಬ್ರಿಜ್ಜಿನ ಬುಡಕ ಎನ್ನುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತಿತ್ತು, ಬೇಸಿಗೆಯಲ್ಲಿ ಗಟಾರದ ನೀರು ನಿಲ್ಲುತ್ತಿತ್ತು. ಹಾಗಾಗಿ ಜನ ಮೇಲೇ ದಾಟುತ್ತಿದ್ದರು. ನಡುವಿನ ಕಬ್ಬಿಣದ ಬೇಲಿಯಲ್ಲಿ ಯಾರೋ ಎರಡು ಸಲಾಕೆ ಕಿತ್ತು ಒಬ್ಬರು ತೂರುವಷ್ಟು ಸಂದಿ ಮಾಡಿದ್ದರು.

ಅಪ್ಪನ ಹಿಟ್ಟಿನ ಗಿರಣಿ ಹಳೇ ಊರಿನಲ್ಲಿತ್ತು. ಜೋಳ, ಗೋಧಿ ಬೀಸುತ್ತಿದ್ದ. ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿಯಲ್ಲಿ ಖಾರಪುಡಿಯನ್ನೂ ಕುಟ್ಟಿ ಕೊಡುತ್ತಿದ್ದ. ಆ ದಿನಗಳಲ್ಲಿ ಅವನು ಮನೆಯೊಳಗೆ ಬಂದರೆ ನಾವು ಸೀನುತ್ತಿದ್ದೆವು. ಒಂದು ಸಂಜೆ ಗಿರಣಿ ಮುಚ್ಚಿ ಮನೆಗೆ ಬರುವಾಗ ಆ ಸಂದಿಯಿಂದ ಈಚೆ ಇಳಿದ. ಲಾರಿ ಬಂತು. ಅಷ್ಟೇ ನನಗೆ ಗೊತ್ತಿರುವುದು. ಉಳಿದದ್ದನ್ನು ಬೇರೆಯವರು ಹೇಳಲು ಬಂದರು, ನಾನು ಕೇಳಿಸಿಕೊಳ್ಳಲಿಲ್ಲ.

ಶಿಬಿರ ನಡೆಸಲು ಹಾವೇರಿಯಿಂದ ಒಬ್ಬರು ಮೇಡಂ ಬರುತ್ತಿದ್ದರು. ಕಟ್ಟಡದ ನಕ್ಷೆ ಮಾಡುವ ಕೆಲಸ ಅವರದು. ಸಣ್ಣ ವಯಸ್ಸು, ಸ್ಕೂಟರಿನಲ್ಲಿ ಬಂದು ತಲೆಗೆ ಕಟ್ಟಿದ ಓಢಣಿ ಬಿಚ್ಚುತ್ತಾ ನೇರ ಕೆಲಸಕ್ಕೆ ಇಳಿಯುತ್ತಿದ್ದರು. ಮೊದಲ ದಿನ ನಮ್ಮನ್ನು ಊರೆಲ್ಲ ಸುತ್ತಿಸಿ, ಶಾಲೆಯಲ್ಲಿ ಕೂರಿಸಿ, ಎಲ್ಲಿ ತೊಂದರೆ ಇದೆ ಹೇಳಿ ಎಂದರು. ಬಸ್‌ಸ್ಟಾಪಿನಲ್ಲಿ ನೆರಳಿಲ್ಲ ಎಂದಳು ಒಬ್ಬಳು. ಶಾಲೆಯ ಹಿಂದಿನ ತಿಪ್ಪೆ ಎಂದ ಇನ್ನೊಬ್ಬ. ಹಿಂದೆ ಕೂತಿದ್ದವನು ಒಬ್ಬ "ಬ್ರಿಜ್ಜಿನ ಬುಡಕ..." ಎಂದು ಶುರುಮಾಡಿ ನನ್ನನ್ನು ನೋಡಿ ನಿಲ್ಲಿಸಿದ. ಉಳಿದವರೂ ನನ್ನ ಕಡೆ ನೋಡಿ ಕೂಡಲೇ ನೆಲ ನೋಡಿದರು.

"ಯಾಕೆ ಸುಮ್ಮನಾದಿರಿ?" ಎಂದರು ಮೇಡಂ.

ನಾನೇ ಹೇಳಿದೆ: "ನಮ್ಮಪ್ಪ ಅಲ್ಲೇ ತೀರಿಕೊಂಡ್ರಿ ಮೇಡಂ. ಬುಡಕಲ್ಲ, ಮ್ಯಾಲ." ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಿದ ಹಾಗಿತ್ತು ನನ್ನ ದನಿ.

ಅವರ ಮುಖ ಕೆಂಪಾಯಿತು. "ಹಾಗಾದರೆ ಬಸ್‌ಸ್ಟಾಪ್ ಮಾಡೋಣ," ಎಂದರು.

"ಬ್ಯಾಡ್ರಿ. ಅದನ್ನ ಮಾಡೂಣು."

ಇದನ್ನು ಆಮೇಲೆ ಎಷ್ಟೋ ಜನ ಧೈರ್ಯ ಎಂದರು. ಧೈರ್ಯವೇನೂ ಅಲ್ಲ. ನನ್ನ ಸಲುವಾಗಿ ಎಲ್ಲರೂ ಮಾತು ಬದಲಿಸುವುದು ಮನೆಯಲ್ಲಿ ಸಾಕಾಗಿಹೋಗಿತ್ತು. ಇಲ್ಲಿಯೂ ಅದೇ ಆದರೆ ಎದ್ದು ಹೋಗಿ ಮತ್ತೆ ಮಲಗಬೇಕಾಗುತ್ತಿತ್ತು.

ಜನ ಯಾಕೆ ಕೆಳಗಿನಿಂದ ಹೋಗುವುದಿಲ್ಲ ಎಂದು ಮೊದಲು ಕೇಳಿ ತಿಳಿಯಬೇಕು ಎಂದರು ಮೇಡಂ. ಸಂದಿಯ ಎದುರಿನ ಚಹಾದಂಗಡಿಯ ಬಾಕಿನ ಮೇಲೆ ನಾನೂ ನನ್ನ ಜೊತೆ ಓದಿದ ಒಬ್ಬ ಗೆಳತಿಯೂ ಕೂತೆವು. ಬಂದವರನ್ನು ಕೇಳುವವಳು ಅವಳು, ಬರೆದುಕೊಳ್ಳುವವಳು ನಾನು. "ಧೋತ್ರ ಹೊಲಸಾಗತೈತಿ" ಎಂದ ಒಬ್ಬ ಅಜ್ಜ. ಮೇವಿನ ಹೊರೆ ಹೊತ್ತ ಹೆಂಗಸು, "ಒಬ್ಬಾಕಿನ ಹೋಗಾಕ ಅಂಜಿಕಿ ಬರತೈತಿ ತಂಗಿ, ಒಳಗ ಯಾರ ಕುಂತಿರತಾರೋ" ಎಂದಳು. ಹೆಚ್ಚಿನವರು ನಕ್ಕು, "ಬಸ್ಸು ಇಲ್ಲೇ ನಿಂದರತೈತಿ, ಅಷ್ಟ ದೂರ ಯಾರು ಸುತ್ತತಾರ?" ಎಂದರು.

ಚಹಾದಂಗಡಿಯವನು ನನ್ನನ್ನು ಗುರುತು ಹಿಡಿದಿದ್ದ. ಹಾಲು ಕುದಿಯಲು ಬಿಟ್ಟು ಬಂದು ನಿಂತ. "ನಾನೂ ಹೇಳತಿದ್ನಿ ನಿಮ್ಮಪ್ಪಗ, ಬುಡಕ ಹೋಗು ಅಂತ. ಬರೀ ಹಿಟ್ಟಿನ ಮೈ ಐತಿ, ಆ ನೀರಾಗ ಇಳದ್ರ ಕಣಕ ಆಕ್ಕೇನಿ ಅಂತಿದ್ದ," ಎಂದ. ಹೇಳುತ್ತಲೇ ಅವನ ಕಣ್ಣು ತುಂಬಿತು. ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಂಡ. ನಾನು ಅದನ್ನೂ ಉಳಿದ ಉತ್ತರಗಳ ಕೆಳಗೆ ಬರೆದೆ: ಮೈಮೇಲೆ ಹಿಟ್ಟು ಇರುತ್ತದೆ. ಗೆಳತಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಯಾಕೆಂದು ನನಗೆ ಅರ್ಥವಾಗಲಿಲ್ಲ.

ಆಮೇಲೆ ರಟ್ಟು, ಮಣ್ಣು ಸೇರಿಸಿ ಒಂದು ಮಾದರಿ ಮಾಡಿದೆವು. ಹೆದ್ದಾರಿ, ಬೇಲಿ, ಬುಡಕಿನ ದಾರಿ, ಒಂದು ಮಗ್ಗುಲಿಗೆ ನೀರು ತಾಗದಂತೆ ಎತ್ತರಿಸಿದ ಕಟ್ಟೆಯಂಥ ಕಾಲುದಾರಿ, ಅದರ ಪಕ್ಕ ಗಟಾರ. ಕಡ್ಡಿಪೆಟ್ಟಿಗೆಯ ಕಡ್ಡಿಗಳಿಗೆ ಬಟ್ಟೆ ಸುತ್ತಿ ಜನರನ್ನೂ ಮಾಡಿ ನಿಲ್ಲಿಸಿದೆವು. ಯಾರೋ ತಿಳಿಯದೆ ಒಬ್ಬನನ್ನು ಮೇಲೆ, ರಸ್ತೆಯ ನಡುವೆ ಸಿಕ್ಕಿಸಿದ್ದರು. ಡ್ರಾಯಿಂಗ್ ಸರ್ ನೋಡಿ ಗಡಬಡಿಸಿ ಕಿತ್ತರು.

"ಇರಲಿ ಬಿಡ್ರಿ ಸರ್," ಎಂದೆ. "ಮ್ಯಾಲೂ ದಾಟತಾರಲ್ಲ."

ಅವರ ಕೈಯಿಂದ ಇಸಿದುಕೊಂಡು ಇದ್ದಲ್ಲಿಯೇ ಚುಚ್ಚಿದೆ. ಸರ್ ಕನ್ನಡಕ ತೆಗೆದು ಅಂಗಿಯಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲು ಬಹಳ ಹೊತ್ತು ಮಾಡಿದರು.

ಪಂಚಾಯ್ತಿಯವರು ಹಾಸಲು ಫರ್ಸಿಕಲ್ಲು, ಸಿಮೆಂಟು, ಹೊಲಸು ಸಾಗಿಸಲು ಒಂದು ಟ್ರ್ಯಾಕ್ಟರ್ ಕೊಟ್ಟರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಳಿದೆವು. ಪ್ಲಾಸ್ಟಿಕ್ ಚೀಲ, ಸಾರಾಯಿ ಪ್ಯಾಕೆಟ್ಟು, ಹರಿದ ಚಪ್ಪಲಿ, ಒಂದು ಸತ್ತ ನಾಯಿ. ಹುಡುಗಿಯರು ಹೊರಗೆ ಓಡಿ ವಾಂತಿ ಮಾಡಿದರು. ನನಗೆ ಏನೂ ಆಗಲಿಲ್ಲ. ಹೀಗಾಗಿ ನಾಯಿಯನ್ನು ಸಲಿಕೆಯಿಂದ ಎತ್ತಿದವಳು ನಾನೇ. ತಲೆಯ ಮೇಲೆ ಲಾರಿಗಳು ಹೋದಾಗ ಗೋಡೆ ಗುಂಯ್ ಎನ್ನುತ್ತಿತ್ತು. ಮೊದಮೊದಲು ಪ್ರತಿ ಸಲವೂ ಮೇಡಂ ನನ್ನ ಮುಖ ನೋಡುತ್ತಿದ್ದರು, ಬರಬರುತ್ತಾ ಬಿಟ್ಟರು.

ಕಲ್ಲು ಹಾಸುವುದಕ್ಕೆ ಊರಿನ ಗೌಂಡಿ ಬಂದ, ನಾವು ಕಲ್ಲು, ಸಿಮೆಂಟಿನ ಮಾಲು ಹೊತ್ತು ಕೊಟ್ಟೆವು. ಒಳಗೆ ಬೆಳಕಾಗಲಿ ಎಂದು ಗೋಡೆಗೆ ಸುಣ್ಣ ಬಳಿಯುವುದು ನಮ್ಮದೇ ಕೆಲಸ. ಸುಣ್ಣ ಸುಡುತ್ತದೆ, ಕೈಗೆ ಚೀಲ ಕಟ್ಟಿಕೊಳ್ಳಿ ಎಂದು ಎಲ್ಲರಿಗೂ ಹೇಳಿದ್ದರು. ನಾನು ಕಟ್ಟಿಕೊಂಡಿರಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಅವ್ವ ನನ್ನ ಬಲಗೈ ಹಿಡಿದು ದೀಪದ ಕಡೆ ತಿರುಗಿಸಿದಳು. ಬೆರಳ ಸಂದಿಯ ಚರ್ಮ ಸುಲಿದು ಹಸಿಯಾಗಿತ್ತು.

"ಯವ್ವಾ, ಉರಿಯಾಕತ್ತಿಲ್ಲೇನ?"

"ಗೊತ್ತಾಗಿಲ್ಲಬೇ."

ಅವಳು ಬೈಯುತ್ತಾಳೆ ಎಂದುಕೊಂಡೆ. ಕೊಬ್ಬರಿ ಎಣ್ಣೆಯ ಬಾಟಲಿ ತಂದು ಹಚ್ಚತೊಡಗಿದಳು. ಆಮೇಲೆ ತನ್ನ ಎಡಗೈ ತೋರಿಸಿದಳು. ಅಂಗೈಯಲ್ಲಿ ಸುಟ್ಟ ಗುಳ್ಳೆ ಒಡೆದು ಒಣಗುತ್ತಿತ್ತು.

"ಮೊನ್ನೆ ರೊಟ್ಟಿ ಹಂಚಿನ ಮ್ಯಾಲ ಕೈ ಊರಿದ್ನಿ," ಎಂದಳು. "ವಾಸನಿ ಬಂದ ಮ್ಯಾಲ ನೋಡೇನಿ."

ನಾವಿಬ್ಬರೂ ಸ್ವಲ್ಪ ಹೊತ್ತು ಒಬ್ಬರ ಕೈ ಒಬ್ಬರು ನೋಡುತ್ತಾ ಕೂತೆವು. ಅಳುವುದಕ್ಕೆ ಅದಕ್ಕಿಂತ ತಕ್ಕ ಹೊತ್ತು ಇರಲಿಲ್ಲ. ಆದರೆ ಇಬ್ಬರಿಗೂ ಅಳು ಬರಲಿಲ್ಲ. ಅವಳ ಕೈಗೆ ನಾನು ಎಣ್ಣೆ ಹಚ್ಚಿದೆ. ಸಾರು ಆರಿತ್ತು, ಬಿಸಿ ಮಾಡಲು ಯಾರೂ ಏಳದೆ ಹಾಗೇ ಉಂಡೆವು. ಇಷ್ಟು ದಿನ ಒಂದೇ ಮನೆಯಲ್ಲಿ ಅವಳು ಒಂದು ಕಡೆ, ನಾನು ಒಂದು ಕಡೆ ಇದ್ದೆವು ಎಂಬುದು ಆಗ ನನ್ನ ಗಮನಕ್ಕೆ ಬಂತು.

ಕೆಲಸ ಮುಗಿದಾಗ ಪಂಚಾಯ್ತಿಯ ಹಿರಿಯರೊಬ್ಬರು ಮನೆಗೆ ಬಂದು, ಗೋಡೆಯ ಮೇಲೆ ಅಪ್ಪನ ಹೆಸರು ಬರೆಸೋಣ ಎಂದರು. "ಅವನ ನೆನಪು ಉಳಿತೈತಿ ನೋಡವಾ."

ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ಬ್ಯಾಡ್ರಿ ಹಿರೇರ. ಇವತ್ತ ಸುಣ್ಣ ಐತಿ. ನಾಳೆ ಮಂದಿ ಎಲಿ ಅಡಿಕಿ ಉಗುಳತಾರ. ಅದರ ಮ್ಯಾಲ ಅವರ ಹೆಸರು ಬ್ಯಾಡ."

ಅವರು ಒತ್ತಾಯ ಮಾಡಲಿಲ್ಲ. ಉದ್ಘಾಟನೆಯ ದಿನ ರಿಬ್ಬನ್ನು ಕತ್ತರಿಸಿ, ಪೇಢೆ ಹಂಚಿದರು. ನನಗೆ ಶಾಲು ಹೊದಿಸಿದರು. ಚಪ್ಪಾಳೆ ಒಳಗೆ ಪ್ರತಿಧ್ವನಿಸಿ ಜೋರಾಗಿ ಕೇಳಿತು. ನಾನು ನೆತ್ತಿಯ ಮೇಲೆ ಹೋಗುತ್ತಿದ್ದ ಗಾಡಿಗಳಲ್ಲಿ ಯಾವುದು ಬಸ್ಸು, ಯಾವುದು ಲಾರಿ ಎಂದು ಸಪ್ಪಳದಿಂದ ಗುರುತಿಸುತ್ತಾ ನಿಂತಿದ್ದೆ.

ಮಳೆ ಹಿಡಿದಾಗ ಕೆಳಗೆ ನೀರು ನಿಂತಿತು, ಆದರೆ ಕಟ್ಟೆ ಮುಳುಗಲಿಲ್ಲ. ಶಾಲೆಯ ಮಕ್ಕಳು, ಮೇವು ಹೊರುವ ಹೆಂಗಸರು ಕೆಳಗಿನಿಂದ ಹೋಗತೊಡಗಿದರು. ಬಸ್ಸು ಮಾತ್ರ ಹಳೇ ಜಾಗದಲ್ಲಿಯೇ ನಿಲ್ಲುತ್ತಿತ್ತು. ಅದನ್ನು ಬದಲಿಸಿ ಎಂದು ಮೇಡಂ ಎಷ್ಟೋ ಕಡೆ ತಿರುಗಿದರು, ಆಗಲಿಲ್ಲ. ಹಾಗಾಗಿ ಅವಸರದವರು ಇವತ್ತಿಗೂ ಸಂದಿಯಲ್ಲೇ ತೂರುತ್ತಾರೆ. ಬೇಲಿಯ ಸಲಾಕೆಗಳನ್ನು ಒಮ್ಮೆ ಬೆಸೆದು ಹೋದರು, ತಿಂಗಳು ಕಳೆಯುವುದರೊಳಗೆ ಮತ್ತೆ ಕಿತ್ತಿದ್ದರು.

ಗಿರಣಿಯನ್ನು ಅವ್ವ ಆ ವರ್ಷವೇ ಮಾರಿದಳು. ನಾನು ರಾಣೆಬೆನ್ನೂರಿನಲ್ಲಿ ಕಾಲೇಜು ಮುಗಿಸಿ ಅಲ್ಲಿಯೇ ಒಂದು ಬಿತ್ತನೆ ಬೀಜದ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಈಗ ಹಾವೇರಿಯ ಗಂಡನ ಮನೆಯಿಂದ ದಿನಾ ಆ ಹೆದ್ದಾರಿಯ ಮೇಲೆಯೇ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಪ್ಪನಿಗಾಗಿ ಅತ್ತದ್ದು ಯಾವಾಗ ಎಂದು ಮದುವೆಯಾದ ಮೇಲೆ ಗಂಡ ಒಮ್ಮೆ ಕೇಳಿದ. ನೆನಪಿಲ್ಲ ಎಂದೆ. ಸುಳ್ಳಲ್ಲ. ಒಂದೇ ಸಲಕ್ಕೆ ಕಟ್ಟೆ ಒಡೆದು ಬರಲಿಲ್ಲ ಅದು. ಯಾವುದೋ ವರ್ಷ ಊಟಕ್ಕೆ ರುಚಿ ಬಂದಿತ್ತು, ಅಷ್ಟು ಗೊತ್ತು.

ಹೋದ ಬೇಸಿಗೆಯಲ್ಲಿ ಮೇಡಂ ಫೋನ್ ಮಾಡಿದ್ದರು. ಬೇರೆ ಊರಿನ ಹುಡುಗರಿಗೆ ತೋರಿಸಬೇಕು, ಆ ದಾರಿಯ ಈಗಿನ ಫೋಟೋ ಬೇಕು ಎಂದರು. ರವಿವಾರ ಅವ್ವನ ಮನೆಗೆ ಹೋದಾಗ ಇಳಿದು ನೋಡಿದೆ. ಸುಣ್ಣ ಕಪ್ಪಾಗಿತ್ತು, ಕೆಳಗಿನರ್ಧಕ್ಕೆ ಎಲೆ ಅಡಿಕೆಯ ಕೆಂಪು. ಎರಡು ಮೂರು ಕಲ್ಲು ಅಲ್ಲಾಡುತ್ತಿದ್ದವು. ಕೂಸನ್ನು ಬಗಲಲ್ಲಿ ಎತ್ತಿಕೊಂಡ ಒಬ್ಬ ಹೆಂಗಸು ಆ ಕಡೆಯಿಂದ ಕಟ್ಟೆಯ ಮೇಲೆ ನಡೆದು ಬರುತ್ತಿದ್ದಳು. ನನಗೆ ಗುರುತಿರಲಿಲ್ಲ, ಈಚೆಗೆ ಊರಿಗೆ ಬಂದ ಸೊಸೆ ಇರಬೇಕು. ಮೊಬೈಲು ಹಿಡಿದಿದ್ದ ನನ್ನನ್ನು ನೋಡಿ ನಿಂತಳು.

"ಯಾಕ್ರಿ, ಫೋಟೋ ಯಾಕ ತಗ್ಯಾಕತ್ತೀರಿ? ರಿಪೇರಿ ಮಾಡತಾರೇನು?"

"ಇಲ್ಲ. ಹಿಂಗ, ಸುಮ್ಮನ."

"ಕಲ್ಲು ಅಲ್ಲಾಡಾಕತ್ತಾವ, ಯಾರಿಗರ ಹೇಳ್ರಿ," ಎಂದು ಹೇಳಿ ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು ಹೋದಳು.

ಹೇಳುತ್ತೇನೆ ಎಂದೆ. ಮಾರನೆಯ ದಿನ ಪಂಚಾಯ್ತಿಗೆ ಹೋಗಿ ಹೇಳಿಯೂ ಬಂದೆ.