ಹದಿನೇಳನೇ ಪಾಠದ ಮೂರು ಪ್ರಶ್ನೆ

ಬೆಳಗಿನ ಐದೂಮುಕ್ಕಾಲು. ತರಬೇತಿ ಕೇಂದ್ರದ ಎರಡನೇ ಮಹಡಿಯಲ್ಲಿ ಒಂದೇ ಕೋಣೆಗೆ ದೀಪ ಹತ್ತಿದೆ. ಆಕೆ ಹದಿನೇಳನೇ ಪಾಠವನ್ನು ಮುಂದಿಟ್ಟುಕೊಂಡು ಒಂದು ಸಾಲು ಹೊಡೆದುಹಾಕುತ್ತಾಳೆ, ಮತ್ತೆ ಬರೆಯುತ್ತಾಳೆ.

"ಇನ್ನೂ ಅದೇ ಪಾಠಾನಾ ಅಕ್ಕಾ? ಯಾವ ಗಟ್ಟಿ ಕಾಳು ಬೇಯಿಸ್ತಿದ್ದೀರಿ?" ಎಂದು ಕಸ ಗುಡಿಸುವಾಕೆ ಛೇಡಿಸುತ್ತಾಳೆ.

"ಬೆಂದಿಲ್ಲ ಕಣೇ."

ಮಾಹಿತಿ ವಿಜ್ಞಾನದ ಪಠ್ಯಕ್ರಮ ರೂಪಿಸುವುದು ಈಕೆಯ ಕೆಲಸ. ಗ್ರಂಥಾಲಯದ ಕೌಂಟರಿನಲ್ಲಿ ಕೂರುವವರು ಯಾವ ವಾರ ಏನು ಕಲಿಯಬೇಕು, ಯಾವುದಕ್ಕೆ ಎಷ್ಟು ಅಂಕ, ಎಲ್ಲವೂ ಈಕೆಯ ಕೈಯಿಂದಲೇ ಆಗಬೇಕು. ಹದಿನಾಲ್ಕು ವರ್ಷ, ಇಪ್ಪತ್ತೆರಡು ತಂಡ, ಎಂಟುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಪಠ್ಯಪುಸ್ತಕದ ಮೇಲಿರುವ ಹೆಸರು ಮಾತ್ರ 'ಪಠ್ಯಕ್ರಮ ಸಮಿತಿ'. ಆ ಸಮಿತಿ ಸೇರುವುದು ವರ್ಷಕ್ಕೆರಡು ಸಲ, ಚಹಾ ಕುಡಿಯಲಿಕ್ಕೆ.

ಮೊದಲ ಪಾಠಗಳನ್ನೆಲ್ಲ ಬರೆದದ್ದು ಹಾಸಿಗೆ ಹಿಡಿದ ಅತ್ತೆಯ ಪಕ್ಕ ಕೂತು. "ಅತ್ತೆಗೆ ಓದಿ ಹೇಳ್ತಿದ್ದೆ. ಅವರಿಗೆ ಅರ್ಥವಾದ್ರೆ ಪಾಠ ಪಾಸು. ಹದಿನೇಳನೇದು ಬರೆಯೋ ಹೊತ್ತಿಗೆ ಅವರು ಹೋಗಿಬಿಟ್ಟಿದ್ರು."

ಓದುಗರಿಗೆ ನಿಜವಾಗಿ ಬೇಕಾದ್ದೇನೆಂದು ತಿಳಿಯುವ ಪಾಠವದು. ಮೂರೇ ಪ್ರಶ್ನೆ: ಯಾರಿಗೆ? ಯಾಕೆ? ಎಷ್ಟು? ಗಟ್ಟಿಯಾಗಿ, ಸ್ಪಷ್ಟವಾಗಿ ಕೇಳಿದರೆ ಎರಡು ಅಂಕ ಹೆಚ್ಚಿಗೆ. ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದರು. ಅದೇ ಈಕೆಯ ಹೆಮ್ಮೆಯೂ ಆಗಿತ್ತು.

ಮೂರು ತಿಂಗಳ ಹಿಂದೆ ಒಂದು ಗ್ರಂಥಾಲಯದ ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಹೆಂಗಸು ತಗ್ಗಿದ ದನಿಯಲ್ಲಿ, ಎದೆಯ ಗಂಟಿನ ಬಗ್ಗೆ ಪುಸ್ತಕ ಇದೆಯಾ ಅಂದಳು. ಕೌಂಟರಿನಲ್ಲಿದ್ದವಳು ಈಕೆಯ ಹಳೆಯ ಶಿಷ್ಯೆ. ಸಾಲಿಗೆಲ್ಲ ಕೇಳುವಂತೆ, "ಯಾರಿಗೆ? ಯಾಕೆ ಬೇಕು? ಎಷ್ಟು ವಿವರ ಬೇಕು?" ಎಂದಳು.

"ಬೇಡ ಬಿಡಮ್ಮ, ಇನ್ನೊಂದಿನ ಬರ್ತೀನಿ." ಆ ಹೆಂಗಸು ಸೆರಗು ಎಳೆದುಕೊಂಡು ಹೊರಟೇಹೋದಳು.

ಶಿಷ್ಯೆಯ ಮುಖ ಅರಳಿತ್ತು. "ಮೇಡಂ, ನೀವಾ! ಸರಿಯಾಗಿ ಕೇಳಿದ್ನಾ? ನಿಮ್ಮ ಪಾಠದ ಪ್ರಕಾರಾನೇ."

"ನಾನು ಹೂಂ ಅಂದೆ," ಎನ್ನುವಾಗ ಈಕೆ ಪೆನ್ನಿನ ಮುಚ್ಚಳವನ್ನೇ ನೋಡುತ್ತಾಳೆ. "ಅವಳ ಹಿಂದೆ ಓಡಬಹುದಿತ್ತು, ಓಡಲಿಲ್ಲ. ಶಿಷ್ಯೆ ಎದುರು ನನ್ನ ಪಾಠ ತಪ್ಪು ಅನ್ನೋಕೆ ನಾಲಿಗೆ ಏಳಲಿಲ್ಲ. ಕಾಗದದ ಮೇಲೆ 'ಉದ್ದೇಶ ತಿಳಿಯಿರಿ' ಅಂದ್ರೆ ಎಷ್ಟು ಚೆಂದ ಕಾಣತ್ತೆ. ಬಾಯಿಗೆ ಬಂದ್ರೆ 'ಯಾಕೆ ಬೇಕು' ಆಗತ್ತೆ. ನಮ್ಮಲ್ಲಿ ಯಾಕೆ ಬೇಕು ಅಂದ್ರೆ, ಬೇಡ ಅಂತಲೇ. ಹೆಂಗಸಾಗಿ ನನಗಿದು ಗೊತ್ತಿರಲಿಲ್ವಾ?"

ಆ ನಾಚಿಕೆಯನ್ನೇ ಕಳೆದ ವಾರ ಸಮಿತಿಯ ಮುಂದೆ ಬಾಯಿಬಿಟ್ಟು ಹೇಳಿದಳು. ಹಳೆಯ ವಿದ್ಯಾರ್ಥಿಗಳಿಗೆಲ್ಲ ತಿದ್ದುಪಡಿ ಪತ್ರ ಹೋಗಬೇಕು ಎಂದಳು.

ಅಧ್ಯಕ್ಷರು ಸಮಾಧಾನ ಮಾಡಿದರು. "ಮುದ್ರಣದೋಷ ಅಂತ ಹಾಕಿಬಿಡೋಣ ಬಿಡಿ. ನಿಮ್ಮ ಮರ್ಯಾದೆನೂ ಉಳಿಯತ್ತೆ."

"ಮುದ್ರಣದವರು ನಾನು ಬರೆದದ್ದನ್ನೇ ಅಚ್ಚು ಹಾಕಿದ್ದಾರೆ ಸಾರ್. ಇಷ್ಟು ವರ್ಷ ಸಮಿತಿ ಅಂದ್ರಿ, ಸುಮ್ಮನಿದ್ದೆ. ಇದೊಂದಕ್ಕೆ ನನ್ನ ಹೆಸರು ಹಾಕಿ."

ಇವತ್ತು ಪತ್ರ ಹೊರಡುತ್ತದೆ. 'ಯಾಕೆ ಎಂದು ಕೇಳಬೇಡಿ. ಪುಸ್ತಕಗಳಿರುವ ಕಪಾಟಿನವರೆಗೆ ಜೊತೆಯಲ್ಲಿ ನಡೆಯಿರಿ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ. ಮೊದಲಿನದನ್ನು ಕಲಿಸಿದ್ದು ನನ್ನ ತಪ್ಪು.' ಕೆಳಗೆ ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಆಕೆಯ ಸಹಿ.

ಇನ್ನೇನು ಆಸೆ ಎಂದು ಕೇಳಿದರೆ ಪೆನ್ನಿಗೆ ಮುಚ್ಚಳ ಹಾಕುತ್ತಾಳೆ.

"ಇನ್ನೊಂದಿನ ಬರ್ತೀನಿ ಅಂದಿದ್ಲಲ್ಲ, ಬರಲಿ. ನಾನು ಅಲ್ಲಿರೋದು ಬೇಡ. ಯಾರೂ ಏನೂ ಕೇಳದೆ ಪುಸ್ತಕ ಅವಳ ಕೈ ಸೇರಲಿ."